ವೆಂಕಟೇಶಮೂರ್ತಿಗಳು ಮಗಳನ್ನು ಹೊಗಳದೇ ಹೋದದ್ದು

ಐರ್ಲೆಂಡಿನ ಗಾಲ್ವೆಯ ಗಾಳಿಯ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಲ್ಲಿ ಫೆಬ್ರವರಿಯಲ್ಲಿ ಒಬ್ಬನ ಟೋಪಿ ಹಾರಿಹೋದರೆ ಅವನು ಅದರ ಹಿಂದೆ ಓಡುವುದಿಲ್ಲ. ನಿಂತಲ್ಲೇ ನಿಂತು, ಇನ್ನೊಬ್ಬನ ಟೋಪಿ ಹಾರಿ ಬರುವುದನ್ನು ಕಾಯುತ್ತಾನೆ. ಅಂಥ ಗಾಳಿಯಲ್ಲಿ, ಊರ ಅಂಚಿನ ಒಂದು ಕಾಲೇಜಿನ ಮೈದಾನದಲ್ಲಿ, ಗೋಲಿನ ಬಲೆಯ ಹಿಂದೆ ಮಂಕಿ ಕ್ಯಾಪ್ ಬಿಗಿದುಕೊಂಡು ಮೂರು ಚಳಿಗಾಲ ನಿಂತವರು ವೆಂಕಟೇಶಮೂರ್ತಿಗಳು.

ಮೂರ್ತಿಗಳು ಮೈಸೂರಿನವರು. ಗಾಲ್ವೆಯ ಪಾರ್ಕ್‌ಮೋರ್ ಬಡಾವಣೆಯಲ್ಲಿ, ಹೃದಯದ ರಕ್ತನಾಳಕ್ಕೆ ತೂರಿಸುವ ಸಪೂರ ಕೊಳವೆಗಳನ್ನು ಮಾಡುವ ಕಂಪನಿಯೊಂದರಲ್ಲಿ ಕ್ವಾಲಿಟಿ ಎಂಜಿನಿಯರ್. ಅಂದರೆ ದಿನವಿಡೀ ತಪ್ಪು ಹುಡುಕುವುದಕ್ಕೇ ಸಂಬಳ. ಎರಡು ವರ್ಷ ಇದ್ದು ಹೋಗೋಣವೆಂದು ವರ್ಕ್ ಪರ್ಮಿಟ್ ಮೇಲೆ ಬಂದವರು, ಕೊಡೆ ಒಣಗಿದ ಮೇಲೆ ಹೊರಡುತ್ತೇನೆಂದು ಕಾಯುತ್ತ ಅಲ್ಲೇ ಉಳಿದರು. ಹೆಂಡತಿ ಅನಸೂಯಾ ಬಂದರು. ಮಗಳು ಚಿನ್ಮಯಿ ಅಲ್ಲೇ ಹುಟ್ಟಿದಳು, ಅಲ್ಲೇ ಬೆಳೆದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಗಾಲ್ವೆಯ ಇಂಗ್ಲಿಷಿನಲ್ಲಿ. ಊಟ ಆಯ್ತೇನೇ ಅಂದರೆ ‘ಗ್ರ್ಯಾಂಡ್’, ಅಂದರೆ ಎಲ್ಲ ಸರಿ; ಜ್ವರ ಬಂದಿದೆಯೇನೇ ಅಂದರೂ ‘ಗ್ರ್ಯಾಂಡ್’. ಭೂಕಂಪವಾಗಿ ಮನೆ ತಲೆಯ ಮೇಲೆ ಬಿದ್ದಿದ್ದರೂ ಅವಳು ಗಾರೆಯ ಅಡಿಯಿಂದ ‘ಗ್ರ್ಯಾಂಡ್’ ಅಂದೇ ಕೂಗುತ್ತಿದ್ದಳು.

ಅಲ್ಲಿಯ ಫುಟ್‌ಬಾಲ್ ನಾವು ಟೀವಿಯಲ್ಲಿ ನೋಡುವ ಫುಟ್‌ಬಾಲ್ ಅಲ್ಲ. ಗೇಲಿಕ್ ಫುಟ್‌ಬಾಲ್. ಚೆಂಡನ್ನು ಒದೆಯಬಹುದು, ಕೈಯಲ್ಲಿ ಹಿಡಿದು ಓಡಲೂಬಹುದು. ಅಡ್ಡಪಟ್ಟಿಯ ಮೇಲೆ ಹಾರಿಸಿದರೆ ಒಂದು ಪಾಯಿಂಟು, ಕೆಳಗಿನ ಬಲೆಗೆ ಹೊಡೆದರೆ ಮೂರು. ಆ ಬಲೆ ಕಾಯುವುದಕ್ಕೆ ಒಬ್ಬಳೇ ಒಬ್ಬಳು ಗೋಲಿ. ಚಿನ್ಮಯಿ ಕಾಲೇಜು ಸೇರಿದ ವರ್ಷ ಹುಡುಗಿಯರ ತಂಡಕ್ಕೆ ಗೋಲಿ ಇರಲಿಲ್ಲ. ‘ಯಾರು ನಿಲ್ತೀರಿ?’ ಎಂದು ಕೇಳಿದಾಗ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಷೂ ಲೇಸು ಕಟ್ಟುತ್ತ ಕೂತಿದ್ದ ಚಿನ್ಮಯಿಗೆ ಅದು ತಿಳಿಯಲಿಲ್ಲ, ಮುಂದೆ ಉಳಿದವಳು ಅವಳೊಬ್ಬಳೇ.

ತಂಡದ ಮ್ಯಾನೇಜರ್ ನೋರೀನ್ ಕಾನೀಲಿ, ಕಾಲೇಜಿನಲ್ಲಿ ಲೆಕ್ಕ ಕಲಿಸುವಾಕೆ. ಅವಳು ಆಡುವುದೆಲ್ಲ ಇಂಗ್ಲಿಷೇ, ಆದರೆ ಮೂರ್ತಿಗಳ ಕಿವಿಯೊಳಕ್ಕೆ ಇಳಿಯುವಷ್ಟರಲ್ಲಿ ಅದು ಕನ್ನಡವಾಗಿಬಿಡುತ್ತಿತ್ತು. ನೋರೀನಳದು ಒಂದು ಹಟ. ಬೇರೆ ಕಾಲೇಜುಗಳು ಕೌಂಟಿ, ಅಂದರೆ ಜಿಲ್ಲಾ ತಂಡಗಳಲ್ಲಿ ಹೆಸರು ಮಾಡಿದ ಹುಡುಗಿಯರನ್ನು ಕರೆತಂದು, ಯಾವುದಾದರೂ ಒಂದು ವರ್ಷದ ಡಿಪ್ಲೊಮಾಕ್ಕೆ ಹೆಸರು ಹಚ್ಚಿಸಿ, ಕಪ್ ಗೆದ್ದು ಕಳಿಸಿಕೊಡುತ್ತಿದ್ದವು. ಇಂಥವರಿಗೆ ‘ಟ್ರಾನ್ಸ್‌ಫರ್’ ಎಂದು ಹೆಸರು. ಒಂದು ಕಾಲೇಜಂತೂ ತನ್ನ ಫಾರ್ವರ್ಡ್ ಒಬ್ಬಳಿಗೆ ಜೇನು ಸಾಕಣೆಯ ಡಿಪ್ಲೊಮಾ ಕೊಟ್ಟಿತ್ತಂತೆ. ಆಕೆ ಜೇನನ್ನು ಬ್ರೆಡ್ಡಿನ ಮೇಲೆ ಬಿಟ್ಟರೆ ಬೇರೆಲ್ಲೂ ಕಂಡವಳಲ್ಲ. ನೋರೀನ್ ಮಾತ್ರ, ‘ನಮ್ಮ ಕಾಲೇಜಿಗೆ ತಾವಾಗಿ ಬಂದವರನ್ನೇ ಬೆಳೆಸ್ತೀನಿ. ಸೋತರೆ ನಮ್ಮವರ ಜೊತೆ ಸೋಲ್ತೀನಿ’ ಅನ್ನುತ್ತಿದ್ದಳು.

ಸೋತಳು. ಸೋಲೆಂದರೆ ಎಂಥ ಸೋಲು! ಮೊದಲ ಪಂದ್ಯದಲ್ಲಿ ಎದುರಾಳಿಯ ಅಂಕ ತೋರಿಸಲು ಹಲಗೆಯಲ್ಲಿ ಜಾಗ ಸಾಲದೆ ಪಕ್ಕದ ದನದ ಕೊಟ್ಟಿಗೆಯ ಗೋಡೆಯ ಮೇಲೆ ಬರೆದರು. ಆ ದನಗಳು ಒಂದು ವಾರ ಹಾಲು ಕೊಡಲಿಲ್ಲವೆಂದು ಸುದ್ದಿ. ಅಂದು ಬಲೆಯ ಹಿಂದೆ ಮಗಳಿಗೆ ಜಾಕೆಟ್ ಹಿಡಿದುಕೊಂಡು ನಿಂತಿದ್ದ ಮೂರ್ತಿಗಳು ಪಂದ್ಯ ಮುಗಿದ ಮೇಲೆ ಮೆಲ್ಲಗೆ ನೋರೀನಳ ಹತ್ತಿರ ಹೋಗಿ, ‘ನಾನು ಹಿಂದೆ ಮೈಸೂರಲ್ಲಿ ಕ್ಲಬ್ ಕ್ರಿಕೆಟ್ಟಿಗೆ ವಿಕೆಟ್ ಕೀಪರ್ ಆಗಿದ್ದೆ. ಕೈ ಹೇಗಿಟ್ಟುಕೊಳ್ಳಬೇಕು ಅನ್ನೋದಿಷ್ಟು ಹೇಳಿಕೊಡಲಾ?’ ಎಂದು ಕೇಳಿದರು. ನೋರೀನ್, ‘ನೀನು ಇದೇ ಗಾಳೀಲಿ ನಾಳೇನೂ ಬಂದು ನಿಲ್ಲೋದಾದ್ರೆ ಚೆಸ್ ಬೇಕಾದ್ರೂ ಹೇಳಿಕೊಡು, ವೆಂಕಿ’ ಅಂದಳು. ಹಾಗೆ ಅವರು ಗೋಲಿ ಕೋಚ್ ಆದರು.

ಅವರ ವಿದ್ಯೆ ಸರಳ. ಟೆನಿಸ್ ಚೆಂಡನ್ನು ಬಕೆಟ್ ನೀರಿನಲ್ಲಿ ನೆನೆಹಾಕಿ, ಆ ಜಾರುವ ಭಾರದ ಚೆಂಡನ್ನು ಹತ್ತಿರದಿಂದ ಎಸೆಯುತ್ತಿದ್ದರು. ‘ಹಿಡಿಯೋಕ್ಕೆ ಹೋಗ್ಬೇಡ, ಬರಮಾಡ್ಕೋ. ನೆಂಟರು ಬಂದಾಗ ಬಾಗಿಲಿಗೆ ಹೋಗಿ ಕರ್ಕೊಂಡು ಬರ್ತೀವಲ್ಲ, ಹಾಗೆ. ಕೈ ಹಿಂದಕ್ಕೆ ತಗೋ. ಹ್ಞಾ.’ ಚಿನ್ಮಯಿಯ ಕೈಯಿಂದ ಚೆಂಡು ಜಾರುತ್ತಿತ್ತು, ಮೂಗಿಗೆ ಬಡಿಯುತ್ತಿತ್ತು. ಅವಳು ಬೈಯುತ್ತಿದ್ದಳು, ಮತ್ತೆ ನಿಲ್ಲುತ್ತಿದ್ದಳು. ಹೀಗೆ ಒಂದು ವರ್ಷ, ಎರಡು ವರ್ಷ. ಅನಸೂಯಾ ದೋಸೆ ಹಿಟ್ಟನ್ನು ಹಾಟ್‌ಪ್ರೆಸ್ ಎಂದು ಅಲ್ಲಿಯವರು ಕರೆಯುವ ಬಿಸಿನೀರಿನ ಟ್ಯಾಂಕಿನ ಕಪಾಟಿನಲ್ಲಿ ಕಂಬಳಿ ಹೊದಿಸಿ ಇಡುತ್ತಿದ್ದರು. ಆ ಚಳಿಯ ದೇಶದಲ್ಲಿ ಹಿಟ್ಟು ಹುಳಿ ಬರಲು ಎರಡು ದಿನ. ‘ನೋರೀನ್ ಮಾಡ್ತಿರೋದು ಇದೇ ಕಣೇ. ರೆಡಿ ಮಿಕ್ಸ್ ತರಲ್ಲ ಅಂತಾಳೆ’ ಎಂದು ಮೂರ್ತಿಗಳು ಹೇಳಿದರೆ ಅನಸೂಯಾ, ‘ಹಿಟ್ಟಿಗೆ ಹೊದಿಸಿದ ಕಂಬಳೀಲಿ ಅರ್ಧ ಆ ಮಗುವಿಗೂ ಹೊದಿಸಿ. ಮೂಗು ನೇರಳೆಹಣ್ಣಿನ ಬಣ್ಣ ಆಗಿದೆ’ ಅನ್ನುತ್ತಿದ್ದರು.

ಮೂರನೆಯ ವರ್ಷಕ್ಕೆ ಹಿಟ್ಟು ಉಬ್ಬಿತು. ಫುಟ್‌ಬಾಲ್ ಕಂಡರಿಯದ ಹುಡುಗಿಯರು, ಒಬ್ಬಳು ಹಾರ್ಪ್ ನುಡಿಸುವವಳು, ಒಬ್ಬಳು ಈಜುಗಾತಿ, ಒಬ್ಬಳು ಬಸ್ಸು ತಪ್ಪಿಸಿಕೊಂಡು ಮೈದಾನಕ್ಕೆ ಬಂದವಳು, ಇವರೆಲ್ಲ ಒಂದು ತಂಡವಾದರು. ಅವರ ಹಿಂದೆ ಚಿನ್ಮಯಿ. ಆ ಹೊತ್ತಿಗೆ ಅವಳ ಬಲೆಯೊಳಗೆ ಚೆಂಡು ಹಾಕುವುದೆಂದರೆ ಮದುವೆಯ ದಿನ ಚಪ್ಪರದ ಬಾಗಿಲಿನಿಂದ ಊಟ ಮಾಡದೇ ಹೊರಬೀಳುವಷ್ಟೇ ಕಷ್ಟವಾಗಿತ್ತು. ಕ್ವಾರ್ಟರ್ ಫೈನಲ್ಲಿನಲ್ಲಿ ಎದುರಾಳಿಯೊಬ್ಬಳು ಎರಡು ಹೆಜ್ಜೆ ದೂರದಿಂದ ಒದ್ದ ಚೆಂಡನ್ನು ಚಿನ್ಮಯಿ ಎರಡೂ ಕೈಯಲ್ಲಿ ಸದ್ದಿಲ್ಲದೆ ತೆಗೆದುಕೊಂಡಳು. ಒದ್ದವಳು ಚೆಂಡೆಲ್ಲಿ ಹೋಯಿತೆಂದು ತನ್ನ ಷೂ ತಿರುಗಿಸಿ ನೋಡಿಕೊಂಡಳಂತೆ.

ಬಲೆಯ ಹಿಂದೆ ಮೂರ್ತಿಗಳ ಎದೆ ಕೂಡ ಉಬ್ಬಿತು. ಬಾಯಿ ಮಾತ್ರ ಬಿಗಿದೇ ಇತ್ತು.

ಇದು ಅವರ ತಾಯಿ ಕಲಿಸಿದ್ದು. ‘ಹೆತ್ತವರ ಕಣ್ಣೇ ಮೊದಲು ತಾಗೋದು’ ಎನ್ನುವುದು ಆಕೆಯ ಸಿದ್ಧಾಂತ. ಮೂರ್ತಿಗಳು ಹೈಸ್ಕೂಲಿನಲ್ಲಿ ಶಾಲೆಗೇ ಮೊದಲಿಗರಾಗಿ ಪಾಸಾದಾಗ ಬೀದಿಯವರು ಬಂದು, ‘ನಿಮ್ಮ ಮಗ ಫಸ್ಟ್ ಬಂದನಂತೆ’ ಅಂದರೆ ಆಕೆ, ‘ಅಯ್ಯೋ, ಏನು ಫಸ್ಟೋ! ಬೇರೆ ಹುಡುಗರಿಗೆಲ್ಲ ಜ್ವರ ಇತ್ತಂತೆ’ ಅಂದಿದ್ದರು. ಅದಕ್ಕೆ ಬೀದಿಯವರು, ‘ಛೆ ಛೆ, ಹಾಗನ್ನಬೇಡಿ, ನಿಮ್ಮ ಹುಡುಗ ಚಿನ್ನ’ ಎಂದು ತಾವೇ ಹೊಗಳುತ್ತಿದ್ದರು. ಅದೊಂದು ಇಬ್ಬರಾಟ. ಹೆತ್ತವರು ಕೆಳಕ್ಕಿಳಿಸಬೇಕು, ಕೇಳಿದವರು ಮೇಲಕ್ಕೆತ್ತಬೇಕು. ಮಗು ಎಲ್ಲಿರಬೇಕೋ ಅಲ್ಲೇ ಉಳಿಯುತ್ತದೆ, ದೃಷ್ಟಿಯೂ ಆಗುವುದಿಲ್ಲ. ಮೂರ್ತಿಗಳು ಈ ಆಟವನ್ನು ಗಾಲ್ವೆಯಲ್ಲೂ ಆಡಿಕೊಂಡು ಬಂದಿದ್ದರು. ಕಂಪನಿಯ ಗೆಳೆಯ ಹೇಮಚಂದ್ರ, ‘ನಿಮ್ಮ ಮಗಳ ಹೆಸರು ಲೋಕಲ್ ಪೇಪರ್‌ನಲ್ಲಿ ಬಂದಿದೆ ಸಾರ್!’ ಅಂದರೆ, ‘ಅವತ್ತು ಬೇರೆ ಸುದ್ದಿ ಇರಲಿಲ್ಲ ಅನ್ಸತ್ತೆ ಕಣಯ್ಯ’ ಅನ್ನುತ್ತಿದ್ದರು. ಹೇಮಚಂದ್ರ ತುಮಕೂರಿನವನು. ಅವನಿಗೆ ಆಟ ಗೊತ್ತಿತ್ತು. ‘ಸುಮ್ನಿರಿ ಸಾರ್, ಹುಲಿಮರಿ ಅದು’ ಅನ್ನುತ್ತಿದ್ದ.

ಸೆಮಿಫೈನಲ್ ಮುಟ್ಟಿದ್ದೇ ತಡ, ಕಾಲೇಜಿನ ಕ್ರೀಡಾ ಅಧಿಕಾರಿ ಡೆಕ್ಲನ್‌ಗೆ ನಿದ್ದೆ ಬಿಟ್ಟುಹೋಯಿತು. ಕಪ್ ಕಣ್ಣೆದುರು ಕಂಡ ಮೇಲೆ ಹಸಿದವನಿಗೆ ಹಿಟ್ಟು ಹುಳಿ ಬರುವವರೆಗೆ ಕಾಯಲಾಗುತ್ತದೆಯೇ? ಆಗಲೇ ಜನವರಿಯಲ್ಲಿ ಅವನು ಕೆಲವರನ್ನು ಡಿಪ್ಲೊಮಾಗಳಿಗೆ ಸೇರಿಸಿಯಾಗಿತ್ತು. ಅವರಲ್ಲಿ ಮೇಯೋ ಕೌಂಟಿಯ ಗೋಲಿ ಕ್ಲೋಡಾ ಒಬ್ಬಳು. ಹೋಟೆಲ್ ನಿರ್ವಹಣೆಯ ಡಿಪ್ಲೊಮಾ. ಒಳ್ಳೆಯ ಹುಡುಗಿ, ನಗುಮುಖದವಳು, ಎತ್ತರದಲ್ಲಿ ಬಂದ ಚೆಂಡನ್ನು ಹದ್ದಿನಂತೆ ಎತ್ತಿಕೊಳ್ಳುವವಳು. ಆದರೆ ವಿಕೆಟ್ ಕೀಪರನ ಕಣ್ಣು, ಜೊತೆಗೆ ಇಪ್ಪತ್ತೆರಡು ವರ್ಷ ಕೊಳವೆಗಳಲ್ಲಿ ಬಿರುಕು ಹುಡುಕಿದ ಕಣ್ಣು. ಎಡಗಡೆಗೆ ತಗ್ಗಿನಲ್ಲಿ ಬಂದ ಚೆಂಡಿಗೆ ಕ್ಲೋಡಾಳ ಕೈ ಕಣ್ಣೆವೆ ಮಿಟುಕಿಸುವಷ್ಟು ತಡವಾಗುತ್ತಿತ್ತು. ಚಿನ್ಮಯಿಯ ಕೈ ತಡವಾಗುತ್ತಿರಲಿಲ್ಲ. ಇಬ್ಬರಲ್ಲಿ ಯಾರು ಮೇಲೆಂಬುದು ಮೂರ್ತಿಗಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಭೂಮಿಯ ಮೇಲೆ ಅದು ಅಷ್ಟು ಖಚಿತವಾಗಿ ಗೊತ್ತಿದ್ದುದು ಅವರೊಬ್ಬರಿಗೇ.

ಸೆಮಿಫೈನಲ್ಲಿನ ವಾರ, ಅಭ್ಯಾಸ ಮುಗಿಸಿ ಮನೆಗೆ ಬರುವಾಗ ಕಾರಿನಲ್ಲಿ ಚಿನ್ಮಯಿ ಕೇಳಿದಳು. ‘ಅಪ್ಪ, ಕ್ಲೋಡಾ ನನಗಿಂತ ಚೆನ್ನಾಗಿ ಆಡ್ತಾಳಾ?’

ಅವಳ ಮಾತು ಇಂಗ್ಲಿಷಿನಲ್ಲಿತ್ತು, ಅಪ್ಪ ಎನ್ನುವುದೊಂದು ಮಾತ್ರ ಕನ್ನಡ.

‘ಅವಳು ದೊಡ್ಡ ಪ್ಲೇಯರ್ ಕಣೇ. ಕೌಂಟಿಗೆ ಆಡಿದವಳು. ನಿನ್ನ ಆಟ ನೀನು ನೋಡ್ಕೋ.’

‘ಅದಲ್ಲ ನಾನು ಕೇಳಿದ್ದು.’

‘ಸೀಟ್ ಬೆಲ್ಟ್ ಹಾಕ್ಕೋ’ ಅಂದರು ಮೂರ್ತಿಗಳು. ಅವಳು ಆಗಲೇ ಹಾಕಿಕೊಂಡಿದ್ದಳು.

ಮರುದಿನ ಕ್ಲಬ್ಬಿನ ಕೋಣೆಯಲ್ಲಿ ತಂಡ ಆರಿಸಲು ಮೂವರೂ ಕೂತರು. ನೋರೀನ್, ಡೆಕ್ಲನ್, ಮೂರ್ತಿಗಳು. ಉಳಿದ ಜಾಗಗಳ ಜಗಳ ಬೇಗ ಮುಗಿಯಿತು. ಡೆಕ್ಲನ್ ನಾಲ್ಕು ಟ್ರಾನ್ಸ್‌ಫರ್‌ಗಳನ್ನು ತೂರಿಸಿದ, ನೋರೀನ್ ಹಾರ್ಪ್ ಹುಡುಗಿಯನ್ನೂ ಈಜುಗಾತಿಯನ್ನೂ ಹಲ್ಲು ಕಚ್ಚಿ ಉಳಿಸಿಕೊಂಡಳು. ಉಳಿದದ್ದು ಗೋಲಿ.

‘ಮೇಯೋದ ಗೋಲಿ ನಮ್ಮ ಬಾಗಿಲಿಗೇ ಬಂದು ಕೂತಿದ್ದಾಳೆ’ ಅಂದ ಡೆಕ್ಲನ್. ‘ಅವಳನ್ನ ಬೆಂಚ್ ಮೇಲೆ ಕೂರಿಸಿದ್ರೆ ನಮ್ಮಜ್ಜಿ ಗೋರಿಯಿಂದ ಎದ್ದು ಬಂದು ನನಗೆ ಹೊಡೀತಾಳೆ. ಅವಳ ಕೈ ಬದುಕಿದ್ದಾಗ್ಲೇ ಭಾರ.’

‘ಗೋಲಿ ವಿಷಯ ಗೋಲಿ ಕೋಚ್ ಹೇಳ್ಲಿ’ ಎಂದು ನೋರೀನ್ ಕುರ್ಚಿಯನ್ನು ಮೂರ್ತಿಗಳ ಕಡೆಗೆ ತಿರುಗಿಸಿದಳು. ‘ವೆಂಕಿ, ಇಬ್ಬರನ್ನೂ ನೀನೇ ನೋಡಿದ್ದೀಯ. ಹೇಳು. ಚಿನ್ಮಯಿ ಆಗ್ತಾಳಾ, ಇಲ್ವಾ?’

ಮೂರ್ತಿಗಳ ನಾಲಿಗೆಯ ತುದಿಯಲ್ಲಿ ಉತ್ತರ ಕೂತಿತ್ತು. ಅದನ್ನು ತಳ್ಳಿಕೊಂಡು ತಾಯಿ ಬಂದರು, ಬೀದಿಯವರು ಬಂದರು, ಇಡೀ ಮೈಸೂರೇ ಬಂದು ಗಂಟಲಲ್ಲಿ ಕೂತಿತು. ತನ್ನ ಮಗಳನ್ನು ತಾನೇ, ಅದೂ ಪರರ ಎದುರಿಗೆ, ಅದೂ ಇನ್ನೊಬ್ಬರ ಮಗಳನ್ನು ಪಕ್ಕಕ್ಕೆ ತಳ್ಳಿ!

‘ಅಯ್ಯೋ, ನನ್ನ ಮಗಳ ಮಾತು ಬಿಡಿ ನೋರೀನ್’ ಎಂದರು. ‘ಅವಳಿನ್ನೂ ಕಲೀತಾ ಇದಾಳೆ. ಕ್ಲೋಡಾ ಎಲ್ಲಿ, ಇವಳೆಲ್ಲಿ? ತಂಡಕ್ಕೆ ಯಾವುದು ಒಳ್ಳೇದೋ ಅದನ್ನ ಮಾಡಿ.’

ಹೇಳಿ, ಕಾದರು. ಈಗ ನೋರೀನ್, ಸುಮ್ನಿರಪ್ಪಾ ವೆಂಕಿ, ಅನ್ನಬೇಕು. ಅನ್ನುತ್ತಾಳೆಂಬ ನಂಬಿಕೆ ಅವರಿಗೆ ಸುಮ್ಮನೆ ಬಂದದ್ದಲ್ಲ. ಮನೆಗೆ ಬಂದಾಗಲೆಲ್ಲ ಆಕೆ ಟೀ ಬೇಡವೇ ಬೇಡ ಎಂದು ಎರಡು ಸಲ ಕೈಯಾಡಿಸಿ, ಮೂರನೆಯ ಸಲ ಕೇಳಿದ ಮೇಲೆ ದೊಡ್ಡ ಲೋಟ ತುಂಬ ಕುಡಿಯುವವಳು. ಇವರೂ ನಮ್ಮ ಹಾಗೇ, ಬೇಡ ಅಂದರೆ ಬೇಕು ಎಂದು ತಿಳಿಯುವ ಜನ ಎಂದು ಮೂರ್ತಿಗಳು ಅನಸೂಯಾರಿಗೆ ಎಷ್ಟೋ ಸಲ ಹೇಳಿದ್ದರು.

ನೋರೀನ್ ಅವರನ್ನೇ ನೋಡಿದಳು. ಡೆಕ್ಲನ್ ಬಿಸ್ಕತ್ತು ಮುರಿದ ಸದ್ದು ಸಿಡಿಲಿನ ಹಾಗೆ ಕೇಳಿಸಿತು.

‘ಖಂಡಿತಾನಾ ವೆಂಕಿ?’

ಇದು ಎರಡನೆಯ ಸಲ. ಎರಡನೆಯ ಸಲವೂ ಬೇಡವೆನ್ನುವುದೇ ಮರ್ಯಾದೆ. ‘ಖಂಡಿತ’ ಅಂದರು ಮೂರ್ತಿಗಳು.

ಮೂರನೆಯ ಸಲ ಕೇಳಿದ್ದರೆ ಹೇಳಿಬಿಡುತ್ತಿದ್ದರು. ಬಾಯಿ ಆಗಲೇ ಅರ್ಧ ತೆರೆದಿತ್ತು. ಆದರೆ ಹೆತ್ತ ತಂದೆಯ ಬಾಯಿಂದ ಅಂಥ ಮಾತನ್ನು ಮೂರು ಸಲ ಹೇಳಿಸುವುದು ಕ್ರೌರ್ಯವೆಂದು ನೋರೀನಳಿಗೆ ಅನ್ನಿಸಿರಬೇಕು. ಆಕೆ ಪೆನ್ನು ತೆಗೆದು ಗೋಲಿಯ ಒಂದನೇ ನಂಬರಿನ ಎದುರು ಕ್ಲೋಡಾ ಎಂದು ಬರೆದಳು. ‘ಇಷ್ಟು ನೇರವಾಗಿ ಹೇಳೋ ಅಪ್ಪನ್ನ ನಾನು ನೋಡೇ ಇಲ್ಲ’ ಎಂದು ಡೆಕ್ಲನ್ ಮೂರ್ತಿಗಳ ಬೆನ್ನು ತಟ್ಟಿದ. ಮೂರ್ತಿಗಳು ಅಭ್ಯಾಸಬಲದಿಂದ, ‘ಛೆ ಛೆ, ಏನಿಲ್ಲ’ ಅಂದರು.

ಸಂಜೆ ತಂಡದ ವಾಟ್ಸಾಪ್ ಗುಂಪಿನಲ್ಲಿ ಹೆಸರುಗಳು ಬಂದವು. ಚಿನ್ಮಯಿ ಅಡುಗೆಮನೆಯಲ್ಲಿ ನಿಂತು ಓದಿದಳು, ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು, ಹೊರಗೆ ಹೋಗಿ ನೋರೀನಳಿಗೆ ಕರೆ ಮಾಡಿದಳು. ಒಳಗೆ ಬಂದಾಗ ಅವಳ ಮುಖ ಕೆಂಪಗಿತ್ತು. ಗಾಳಿಗೆ ಕೆಂಪಾಗಿದೆಯೆಂದು ಮೂರ್ತಿಗಳು ನಂಬಲು ನೋಡಿದರು.

‘ನಿನ್ನನ್ನ ಕೇಳಿದ್ರಂತೆ’ ಅಂದಳು. ‘ನೀನು ಕ್ಲೋಡಾನ ಹಾಕಿ ಅಂದ್ಯಂತೆ.’

‘ಹಾಗಲ್ಲ ಕಂದ. ನಾನು…’

‘ಅಂದ್ಯೋ ಇಲ್ವೋ?’

‘ಅಂದೆ. ಆದ್ರೆ ಅದು ಹಾಗಲ್ಲ. ನಮ್ಮ ಮಕ್ಕಳನ್ನ ನಾವೇ ಹೊಗಳಬಾರದು. ಅವರು ಹೊಗಳಬೇಕಿತ್ತು. ನಾನು ಬೇಡ ಅಂದಾಗ ಅವರು ಇಲ್ಲ ಇಲ್ಲ ಅಂತ…’

ಹೇಳುತ್ತಿದ್ದಂತೆ ಅದು ಎಷ್ಟು ಹುಚ್ಚುಹುಚ್ಚಾಗಿ ಕೇಳಿಸುತ್ತಿದೆಯೆಂದು ಅವರಿಗೇ ತಿಳಿಯಿತು. ಮೈಸೂರಿನಲ್ಲಿ ವೇದವಾಕ್ಯದಂತಿದ್ದದ್ದು ಗಾಲ್ವೆಯ ಅಡುಗೆಮನೆಯ ಟ್ಯೂಬ್‌ಲೈಟಿನಲ್ಲಿ ಬೆಪ್ಪನ ಸಬೂಬಾಗಿ ನಿಂತಿತ್ತು.

‘ನಾನು ಚೆನ್ನಾಗಿ ಆಡ್ತೀನಾ ಅಪ್ಪ?’

‘ಆಡ್ತೀಯಾ.’

‘ಅವಳಿಗಿಂತ?’

‘ಅವಳಿಗಿಂತ. ಅವಳ ಎಡಗೈ ತಗ್ಗಿನ ಚೆಂಡಿಗೆ ತಡ. ನಿನ್ನದು ತಡ ಆಗಲ್ಲ.’

ಇದನ್ನು ಕೇಳುವುದಕ್ಕೇ ಮೂರು ವರ್ಷ ಆ ನೆನೆದ ಚೆಂಡುಗಳನ್ನು ಮೂಗಿಗೆ ಬಡಿಸಿಕೊಂಡವಳು ಅವಳು. ಈಗ ಕೇಳಿದಳು. ಕೇಳಿ ಅಳತೊಡಗಿದಳು.

‘ಗೊತ್ತಿರ್ಲಿಲ್ಲ ಅಂದಿದ್ರೂ ಗ್ರ್ಯಾಂಡ್ ಇರ್ತಿತ್ತು’ ಅಂದಳು. ‘ನಿನಗೆ ಗೊತ್ತಿತ್ತು. ಗೊತ್ತಿದ್ದೂ ಸುಳ್ಳು ಹೇಳಿದೆ.’

ಅವಳು ಮಹಡಿ ಹತ್ತಿ ಹೋದ ಮೇಲೆ ಅನಸೂಯಾ ಒಲೆ ಆರಿಸಿದರು. ‘ಎಲ್ಲಾ ಕಡೆ ತಪ್ಪು ಹುಡುಕೋ ಮನುಷ್ಯ ನೀವು. ಆ ಮಗು ಒಂದರಲ್ಲಿ ತಪ್ಪೇ ಇಲ್ಲ ಅಂತ ಬಾಯಿ ಬಿಟ್ಟು ಹೇಳೋಕ್ಕೆ ಏನಾಗಿತ್ತು ರೀ?’

‘ನಮ್ಮಮ್ಮ…’

‘ನಿಮ್ಮಮ್ಮ ನಿಮ್ಮನ್ನ ಇಳಿಸಿ ಮಾತಾಡಿದ್ದು ಮೈಸೂರಿನವರ ಮುಂದೆ. ಇಲ್ಲಿ ಯಾರಿದಾರೆ ಎತ್ತಿಕೊಳ್ಳೋಕ್ಕೆ?’

ಮರುದಿನ ಬೆಳಿಗ್ಗೆ ಮೂರ್ತಿಗಳು ಕೆಲಸಕ್ಕೆ ಹೋಗದೆ ನೇರವಾಗಿ ಕಾಲೇಜಿಗೆ ಹೋದರು. ದಾರಿಯುದ್ದಕ್ಕೂ ಕಾರಿನೊಳಗೆ ಗಟ್ಟಿಯಾಗಿ ಅಭ್ಯಾಸ ಮಾಡಿದರು: ನನ್ನ ಮಗಳು ಒಳ್ಳೆಯ ಗೋಲಿ. ನನ್ನ ಮಗಳೇ ಒಳ್ಳೆಯ ಗೋಲಿ. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನ ಮುದುಕ ಇವರ ಬಾಯಿ ನೋಡಿ ಶಿಲುಬೆಯ ಗುರುತು ಮಾಡಿಕೊಂಡ. ನೋರೀನ್ ತರಗತಿಯಿಂದ ಹೊರಗೆ ಬರುತ್ತಿದ್ದಳು. ಮೂರ್ತಿಗಳು ನಮಸ್ಕಾರ ಕೂಡ ಹೇಳದೆ ಸುರಿದರು. ಚಿನ್ಮಯಿ ಕ್ಲೋಡಾಗಿಂತ ಮೇಲು. ಈ ಕಾಲೇಜು ಕಂಡ ಗೋಲಿಗಳಲ್ಲೇ ಮೇಲು. ಎಡಗೈ, ತಗ್ಗಿನ ಚೆಂಡು, ಎಲ್ಲ ಹೇಳಿದರು. ಜನ್ಮದಲ್ಲಿ ಮೊದಲ ಸಲ ಅಷ್ಟು ಹೊಗಳಿ ಅವರಿಗೆ ಉಸಿರು ಕಟ್ಟಿತು.

ನೋರೀನ್ ಪುಸ್ತಕಗಳನ್ನು ಎದೆಗೆ ಒತ್ತಿಕೊಂಡು ಕೇಳಿದಳು. ಅವಳ ಕಣ್ಣಿನಲ್ಲಿ ಕರುಣೆಯಿತ್ತು. ಮೂರ್ತಿಗಳಿಗೆ ಅದೇ ಹೆಚ್ಚು ಹೆದರಿಕೆ ತಂದಿತು.

‘ರಾತ್ರಿ ಅತ್ತಳಾ?’

‘ಅತ್ತಳು. ಆದ್ರೆ ಅದಕ್ಕಲ್ಲ ನಾನು ಹೇಳ್ತಿರೋದು.’

‘ತಂಡ ಹಾಕಿದ ಮಾರನೇ ದಿನ ಪ್ರತಿ ಅಪ್ಪನ ಮಗಳೂ ಐರ್ಲೆಂಡಿಗೇ ಬೆಸ್ಟು, ವೆಂಕಿ. ನಾಲ್ಕು ಜನರ ಅಪ್ಪಂದಿರು ಬೆಳಿಗ್ಗೆಯೇ ಫೋನ್ ಮಾಡಿದಾರೆ. ನೀನು ಐದನೆಯವನು.’ ಆಮೇಲೆ ದನಿ ತಗ್ಗಿಸಿ ಅಂದಳು: ‘ನಿನ್ನೆ ನಾನು ಡೆಕ್ಲನ್ ಜೊತೆ ಕುಸ್ತಿಗೆ ತಯಾರಾಗೇ ಬಂದಿದ್ದೆ ಗೊತ್ತಾ? ಉಳಿದ ಜಾಗಗಳನ್ನ ಬಿಟ್ಟುಕೊಟ್ಟಿದ್ದೇ ಗೋಲಿ ಜಾಗಕ್ಕೋಸ್ಕರ. ನಿನ್ನ ಒಂದು ಮಾತು ಸಾಕಿತ್ತು ನನಗೆ. ಎರಡು ಸಲ ಕೇಳಿದೆ.’

ಮೂರು ಸಲ ಕೇಳಬೇಕಿತ್ತು ಎಂದು ಮೂರ್ತಿಗಳಿಗೆ ಹೇಳಲಾಗಲಿಲ್ಲ.

ಸೆಮಿಫೈನಲ್ಲಿನ ದಿನ ಗೋಲಿ ಕೋಚಿನ ಕೆಲಸ ಮಾತ್ರ ತಪ್ಪಲಿಲ್ಲ. ಪಂದ್ಯಕ್ಕೆ ಮುಂಚೆ ಅವರು ಬಕೆಟ್ಟಿನಿಂದ ಒಂದೊಂದೇ ಚೆಂಡು ತೆಗೆದು ಕ್ಲೋಡಾಗೆ ಎಸೆದರು. ತಪ್ಪಿದ ಚೆಂಡುಗಳನ್ನು ಬಲೆಯ ಹಿಂದೆ ಹೆಕ್ಕಿ ತಂದು ಬಕೆಟ್ಟಿಗೆ ಹಾಕಿದವಳು ಚಿನ್ಮಯಿ. ಬದಲಿ ಆಟಗಾರ್ತಿಯ ಕೆಲಸ ಅದು. ಅವಳು ಅದನ್ನು ಮುಖ ಮುರಿಯದೆ, ಅಚ್ಚುಕಟ್ಟಾಗಿ ಮಾಡಿದಳು. ಅವಳು ಒಂದು ಚೆಂಡನ್ನಾದರೂ ಸಿಟ್ಟಿನಿಂದ ಎಸೆದಿದ್ದರೆ ಮೂರ್ತಿಗಳ ಎದೆ ಹಗುರಾಗುತ್ತಿತ್ತು. ‘ನಿಮ್ಮಪ್ಪನ ಈ ಒದ್ದೆ ಚೆಂಡಿನ ಐಡಿಯಾ ಸೂಪರ್’ ಅಂದಳು ಕ್ಲೋಡಾ ಅವಳಿಗೆ. ‘ಹೌದು’ ಅಂದಳು ಚಿನ್ಮಯಿ.

ಗೆದ್ದರು. ಇಲ್ಲಿ ಕ್ಲೋಡಾ ಎಡವಿ, ಚಿನ್ಮಯಿ ಓಡಿ ಬಂದು ಕಾಪಾಡಿದಳೆಂದು ಹೇಳಬಹುದಾಗಿದ್ದರೆ ಎಷ್ಟು ಚೆನ್ನಾಗಿತ್ತು! ಹಾಗೇನೂ ಆಗಲಿಲ್ಲ. ಕ್ಲೋಡಾಳ ಎಡಕ್ಕೆ ತಗ್ಗಿನಲ್ಲಿ ಒಂದು ಗೋಲು ಹೋಯಿತು. ಟ್ರಾನ್ಸ್‌ಫರ್ ಹುಡುಗಿಯರು ಈ ಕಡೆ ಹೊಡೆದ ಅಂಕಗಳ ರಾಶಿಯಲ್ಲಿ ಆ ಗೋಲು ಮೂರ್ತಿಗಳನ್ನು ಬಿಟ್ಟರೆ ಯಾರಿಗೂ ನೆನಪುಳಿಯಲಿಲ್ಲ. ಫೈನಲ್ಲೂ ಗೆದ್ದರು. ಕಪ್ ಹಿಡಿದ ತಂಡದ ಫೋಟೋದಲ್ಲಿ ಚಿನ್ಮಯಿ ತುದಿಯಲ್ಲಿ ನಿಂತಿದ್ದಾಳೆ, ಜರ್ಸಿಯ ಮೇಲೆ ಜಾಕೆಟ್ಟಿನ ಜಿಪ್ಪನ್ನು ಗಲ್ಲದವರೆಗೆ ಎಳೆದುಕೊಂಡು. ಹೇಮಚಂದ್ರ ಆಫೀಸಿನಲ್ಲಿ ಪೇಪರ್ ಹಿಡಿದು ಬಂದು, ‘ಸಾರ್, ಕಪ್! ಹುಲಿಮರಿ!’ ಅಂದಾಗ ಮೂರ್ತಿಗಳು ಈ ಸಲ, ಏನಿಲ್ಲ ಬಿಡಯ್ಯ, ಅನ್ನಲಿಲ್ಲ. ಅನ್ನುವುದಕ್ಕೆ ನಿಜವಾಗಿಯೂ ಏನೂ ಇರಲಿಲ್ಲ.

ಮನೆಯಲ್ಲಿ ಜಗಳವೂ ಇರಲಿಲ್ಲ. ಚಿನ್ಮಯಿ ಅಪ್ಪನಿಗೆ ಉಪ್ಪಿನಕಾಯಿ ಬಡಿಸಿದಳು, ಕಸದ ಬಿನ್ ಹೊರಗಿಟ್ಟಳು, ಕೇಳಿದ್ದಕ್ಕೆಲ್ಲ ‘ಗ್ರ್ಯಾಂಡ್’ ಎಂದಳು. ಹಿತ್ತಲಿನಲ್ಲಿ ಚೆಂಡು ನೆನೆಹಾಕುವುದು ನಿಂತಿತು. ಮೇ ತಿಂಗಳಲ್ಲಿ ಪದವಿ ಮುಗಿಯಿತು. ಟ್ರಾನ್ಸ್‌ಫರ್ ಹುಡುಗಿಯರು ಡಿಪ್ಲೊಮಾ ಪಡೆದೋ ಪಡೆಯದೆಯೋ ತಮ್ಮ ತಮ್ಮ ಕೌಂಟಿಗಳಿಗೆ ಹೋದರು. ಬೆಂಚ್ ಕಾದ ಹಳೆಯ ಹುಡುಗಿಯರು ಒಬ್ಬೊಬ್ಬರಾಗಿ ಆಟ ಬಿಟ್ಟರು. ಹಾರ್ಪಿನವಳು ಹಾರ್ಪಿಗೆ ಹೋದಳು. ಸೆಪ್ಟೆಂಬರಿನಲ್ಲಿ ನೋರೀನ್ ಅಭ್ಯಾಸಕ್ಕೆ ಕರೆದಾಗ ಬಂದದ್ದು ಗಾಳಿಯೊಂದೇ. ಅದೂ ತಡವಾಗಿ ಬಂತಂತೆ.

ಅದಕ್ಕೆ ಮುಂಚೆಯೇ, ಒಂದು ಭಾನುವಾರ ಮಧ್ಯಾಹ್ನ, ಚಿನ್ಮಯಿ ಊಟದ ಮೇಜಿನಲ್ಲಿ ಹೇಳಿದಳು. ‘ಸ್ಲೈಗೋದ ಕಾಲೇಜಿಗೆ ಹೋಗ್ತಿದೀನಿ. ಒಂದು ವರ್ಷದ ಕೋರ್ಸ್.’

‘ಇಲ್ಲೇ ಮಾಡಬಹುದಲ್ಲ?’ ಅಂದರು ಅನಸೂಯಾ.

‘ಅಲ್ಲಿ ತಂಡಕ್ಕೆ ಗೋಲಿ ಬೇಕಂತೆ. ಅವರೇ ಕರೆದ್ರು.’

ಮೂರ್ತಿಗಳ ಕೈಯ ತುತ್ತು ನಿಂತಿತು. ‘ಅಲ್ಲಿ ಗೋಲಿ ಇಲ್ವಾ?’ ಎಂದು ಕೇಳಿದರು.

‘ಇದಾಳೆ’ ಅಂದಳು ಚಿನ್ಮಯಿ. ‘ಅಷ್ಟು ಚೆನ್ನಾಗಿಲ್ವಂತೆ.’

ಅವಳು ವಾರಕ್ಕೊಮ್ಮೆ ಅಮ್ಮನಿಗೆ ಫೋನು ಮಾಡುತ್ತಿದ್ದಳು. ಪಂದ್ಯ ಯಾವಾಗ, ಎಲ್ಲಿ ಎಂದು ಅಪ್ಪನಿಗೆ ಹೇಳುತ್ತಿರಲಿಲ್ಲ. ಮೂರ್ತಿಗಳು ಆ ಕಾಲೇಜಿನ ವೆಬ್‌ಸೈಟಿನಲ್ಲಿ ಹುಡುಕಿ ತಿಳಿದುಕೊಂಡರು. ಮುಂದಿನ ಫೆಬ್ರವರಿಯ ಒಂದು ಮಧ್ಯಾಹ್ನ ಒಬ್ಬರೇ ಕಾರು ಹತ್ತಿ ಸ್ಲೈಗೋಗೆ ಹೋದರು. ಪಂದ್ಯ ಶುರುವಾಗಿತ್ತು. ಮಗಳು ಕಾಯುತ್ತಿದ್ದ ಗೋಲಿನ ಹತ್ತಿರ ಹೋಗುವ ಧೈರ್ಯವಾಗದೆ, ಇನ್ನೊಂದು ತುದಿಯ ಬಲೆಯ ಹಿಂದೆ ನಿಂತರು. ಅಷ್ಟು ದೂರದಿಂದ ಅವಳು ಹಳದಿ ಜರ್ಸಿಯ ಒಂದು ಚುಕ್ಕೆ. ಆದರೂ ಆ ಚುಕ್ಕೆ ಎದ್ದದ್ದು, ಬಿದ್ದದ್ದು, ಚೆಂಡನ್ನು ಬರಮಾಡಿಕೊಂಡದ್ದು ಒಂದೊಂದೂ ಅವರ ಅಂಗೈಗೆ ತಾಗುತ್ತಿತ್ತು.

ಪಕ್ಕದಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಅವರದೇ ವಯಸ್ಸು. ಕೈಯಲ್ಲಿ ಯಾರದೋ ಜಾಕೆಟ್ಟು.

‘ಆ ಗೋಲಿ ನಿಮ್ಮವಳಾ?’ ಎಂದು ಕೇಳಿದಳು. ಆ ಮೈದಾನದಲ್ಲಿ ಅಪ್ಪ ಮಗಳ ಮೈಬಣ್ಣ ನೋಡಿದರೆ ಊಹಿಸುವುದು ಕಷ್ಟವೇನಿರಲಿಲ್ಲ.

‘ಹೌದು.’

‘ನನ್ನವಳು ಅಗೋ, ಬೆಂಚ್ ಮೇಲೆ. ಹೋದ ವರ್ಷದವರೆಗೆ ಗೋಲಿ. ಹನ್ನೆರಡು ವರ್ಷದವಳಿದ್ದಾಗಿಂದ ಇದೇ ಮೈದಾನದಲ್ಲೇ ಕಲಿತಳು.’ ಆಕೆ ನಕ್ಕಳು. ನಗೆ ಗಾಳಿಗೆ ಹಾರಿಹೋಯಿತು. ‘ನಿಮ್ಮವಳು ತುಂಬ ಚೆನ್ನಾಗಿ ಆಡ್ತಾಳೆ, ಅಲ್ವಾ?’

ಮೂರ್ತಿಗಳು ಆ ಜಾಕೆಟ್ಟನ್ನು ನೋಡಿದರು. ಏನಿಲ್ಲಮ್ಮ, ಅಷ್ಟಕ್ಕಷ್ಟೆ, ನಿಮ್ಮ ಮಗಳ ಮುಂದೆ ಇವಳೇನು, ಎನ್ನುವ ಮಾತು ತಾನಾಗಿಯೇ ಎದ್ದು ಬಂತು. ಈ ಸಲವಾದರೂ ಆ ಮಾತಿನಿಂದ ಒಬ್ಬರಿಗೆ ಸಮಾಧಾನವಾಗುತ್ತಿತ್ತು. ಅವರು ಅದನ್ನು ನುಂಗಿಕೊಂಡರು.

‘ಹೌದು’ ಅಂದರು. ‘ತುಂಬ ಚೆನ್ನಾಗಿ ಆಡ್ತಾಳೆ. ಅವಳಂಥ ಗೋಲಿ ಇಲ್ಲ.’

ಆ ಹೆಂಗಸಿನ ಮುಖ ಇಳಿದದ್ದನ್ನು ಅವರು ನೋಡಿದರು. ಆಕೆ ತಲೆಯಾಡಿಸಿ, ಜಾಕೆಟ್ಟನ್ನು ಇನ್ನಷ್ಟು ಮಡಚಿಕೊಂಡು, ಬೆಂಚಿನ ಕಡೆಗೆ ನಡೆದು ಹೋದಳು.

ಅರ್ಧ ಆಟ ಮುಗಿದು ತಂಡಗಳು ತುದಿ ಬದಲಿಸಿದವು. ಹಳದಿ ಚುಕ್ಕೆ ದೊಡ್ಡದಾಗುತ್ತ, ಹುಡುಗಿಯಾಗುತ್ತ, ಚಿನ್ಮಯಿಯಾಗುತ್ತ ಇವರ ಕಡೆಗೇ ಓಡಿ ಬಂತು. ಮೂರ್ತಿಗಳಿಗೆ ಓಡಿಹೋಗಬೇಕೆನ್ನಿಸಿತು, ಆದರೆ ಬಲೆಯ ದಾರ ಹಿಡಿದು ನಿಂತರು. ಅವಳು ನೀರಿನ ಬಾಟಲಿಯನ್ನು ಕಂಬದ ಬುಡದಲ್ಲಿಟ್ಟು ತಲೆಯೆತ್ತಿದಳು. ಬಲೆಯ ಚೌಕಗಳ ಆಚೆ ಅಪ್ಪ.

‘ಚೆನ್ನಾಗಿ ಆಡಿದೆ ಕಂದ’ ಅಂದರು ಮೂರ್ತಿಗಳು. ಗಾಳಿಗೆ ಕೇಳಿಸದೇ ಹೋದೀತೆಂದು ಇನ್ನೂ ಗಟ್ಟಿಯಾಗಿ, ಸುತ್ತಲಿನವರೆಲ್ಲ ತಿರುಗಿ ನೋಡುವಂತೆ ಮತ್ತೊಮ್ಮೆ ಅಂದರು. ‘ತುಂಬ ಚೆನ್ನಾಗಿ ಆಡಿದೆ!’

ಅವಳು ಅವರನ್ನು ನೋಡಿದಳು. ಸಿಟ್ಟಿರಲಿಲ್ಲ. ಎಷ್ಟೋ ವರ್ಷಗಳ ನಂತರ ಅವಳ ಬಾಯಿಂದ ಪೂರ್ತಿ ಕನ್ನಡ ಬಂತು.

‘ಈಗ ಬೇಡ ಅಪ್ಪ.’

ಸೀಟಿ ಕೂಗಿತು. ಗೋಲಿಯಾದವಳು ಮೈದಾನದ ಕಡೆಗೆ ನೋಡಬೇಕು. ಅವಳು ಬೆನ್ನು ತಿರುಗಿಸಿ ನಿಂತಳು. ಆಟ ಮುಗಿಯುವವರೆಗೆ ಮೂರ್ತಿಗಳು ಆ ಬೆನ್ನನ್ನೇ ನೋಡುತ್ತ ನಿಂತಿದ್ದರು.